ಕಟ್ಟಕಡೆಯ ಮೊದಲ ಹಳ್ಳಿ

ನಮ್ಮ ಸೋದರಮಾವ ಭಾರತದ ಕೊನೆಯ ಹಳ್ಳಿಯನ್ನು ನೋಡಿ ಬಂದವರು. ನಾನು ಮೊದಲ ಹಳ್ಳಿಯನ್ನು ನೋಡಿ ಬಂದವನು. ಇಬ್ಬರ ಹತ್ತಿರವೂ ಫೋಟೊ ಇದೆ. ಮಾವನದು 2014ರದ್ದು. ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಟೀ ಲೋಟ, ಪಕ್ಕದಲ್ಲಿ ಚಳಿಗೆ ಮುಖ ಸಿಂಡರಿಸಿಕೊಂಡು ನಿಂತ ಅತ್ತೆ, ಹಿಂದೆ ‘ಭಾರತದ ಅಂತಿಮ ಗ್ರಾಮ’ ಎಂದು ಹಿಂದಿಯಲ್ಲಿ ಬರೆದ ಬೋರ್ಡು. ನನ್ನದು ಈಚಿನದು. ಅದೇ ಬೆಟ್ಟ, ಅದೇ ಹಿಮ, ಅದೇ ಚಳಿ. ಬೋರ್ಡಿನಲ್ಲಿ ಮಾತ್ರ ‘ಪ್ರಥಮ ಗ್ರಾಮ’. ಎರಡು ಫೋಟೊಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು, ಕನ್ನಡಕವನ್ನು ನಾಲ್ಕು ಸಲ ಏರಿಸಿ ಇಳಿಸಿ, ಮಾವ ತೀರ್ಪು ಕೊಟ್ಟರು:

‘ಲೇ, ಆ ಟೂರಿನವನು ನಿನಗೆ ಟೋಪಿ ಹಾಕಿದಾನೆ ಕಣೋ. ಮೊದಲನೇ ಹಳ್ಳಿ ತೋರಿಸಿ ಅಲ್ಲಿಂದಲೇ ವಾಪಸ್ ಕರ್ಕೊಂಡು ಬಂದಿದಾನೆ. ಕೊನೇದು ಇನ್ನೂ ಮುಂದಕ್ಕಿತ್ತು. ನಾವು ಅಲ್ಲೀ ತನಕ ಹೋಗಿದ್ವಿ.’

ಆ ಹೊತ್ತಿಗೆ ನನ್ನ ತಲೆಯ ಮೇಲೆ ಅದೇ ಊರಲ್ಲಿ ಕೊಂಡ ಉಣ್ಣೆ ಟೋಪಿ ಇತ್ತಾದ್ದರಿಂದ ನಾನು ವಾದಕ್ಕಿಳಿಯಲಿಲ್ಲ.

ಊರಿನ ಹೆಸರು ಮಾಣಾ. ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಬದರೀನಾಥದಿಂದ ಮೂರು ಕಿಲೋಮೀಟರು ಆಚೆ, ಸುಮಾರು 3,200 ಮೀಟರ್ ಎತ್ತರದಲ್ಲಿದೆ. ಮುಂದೆ ಮಾಣಾ ಕಣಿವೆ ಹತ್ತಿ ಟಿಬೆಟ್ಟಿನ ಗಡಿ ಮುಟ್ಟುವವರೆಗೆ ಬರೀ ಕಲ್ಲು, ಹಿಮ, ಸೈನಿಕರು. 2022ರ ಅಕ್ಟೋಬರ್ 21ರಂದು ಪ್ರಧಾನಿ ನರೇಂದ್ರ ಮೋದಿ ಇಲ್ಲಿಗೆ ಬಂದು, ಗಡಿಯ ಹಳ್ಳಿಗಳನ್ನು ಇನ್ನು ಕೊನೆಯ ಹಳ್ಳಿ ಅನ್ನಬೇಡಿ, ಅವೆಲ್ಲ ದೇಶದ ಮೊದಲ ಹಳ್ಳಿಗಳು ಎಂದರು. 2023ರ ಏಪ್ರಿಲ್ ಹೊತ್ತಿಗೆ ಗಡಿ ರಸ್ತೆ ಸಂಸ್ಥೆಯವರು ಹೊಸ ಬೋರ್ಡು ನಿಲ್ಲಿಸಿದರು. ಅಷ್ಟು ವರ್ಷ ಕೊನೆಯ ಬೆಂಚಿನಲ್ಲಿ ಕೂತಿದ್ದ ಹುಡುಗನನ್ನು ಮೇಷ್ಟ್ರು ಎಬ್ಬಿಸಿ ಮುಂದಕ್ಕೆ ಕರೆಯಲಿಲ್ಲ. ಕರಿಹಲಗೆಯನ್ನೇ ಬಿಚ್ಚಿ ತಂದು ಕ್ಲಾಸಿನ ಹಿಂದಿನ ಗೋಡೆಗೆ ಹೊಡೆದರು. ಹುಡುಗ ಕೂತಲ್ಲೇ ಮೊದಲ ಬೆಂಚಿನವನಾದ.

ಹೀಗೆ ಮೊದಲನೆಯದಾದದ್ದು ಮಾಣಾ ಒಂದೇ ಅಂದುಕೊಳ್ಳಬೇಡಿ. 2023ರ ಫೆಬ್ರವರಿಯಲ್ಲಿ ಒಪ್ಪಿಗೆ ಪಡೆದ ‘ವೈಬ್ರಂಟ್ ವಿಲೇಜಸ್’ ಯೋಜನೆಯ ಪಟ್ಟಿಯಲ್ಲಿ ಉತ್ತರದ ಗಡಿಯುದ್ದಕ್ಕೂ 2,967 ಹಳ್ಳಿಗಳಿವೆ. ಅಷ್ಟಕ್ಕೂ ಫಸ್ಟ್ ರ‍್ಯಾಂಕ್. ಅದರಲ್ಲೂ ಆದ್ಯತೆಯ ಮೇಲೆ ಮೊದಲು ಕೈಗೆತ್ತಿಕೊಂಡವು 662. ಅಂದರೆ ಇವು ಮೊದಲ ಹಳ್ಳಿಗಳಲ್ಲೇ ಮೊದಲ ಹಳ್ಳಿಗಳು, ಉಳಿದ 2,305 ಮೊದಲ ಹಳ್ಳಿಗಳಲ್ಲಿ ಕೊನೆಯವು. ಕೊನೆ ಎಂಬುದನ್ನು ನಮ್ಮ ಸರ್ಕಾರಗಳು ಮುಂಬಾಗಿಲಿಂದ ಹೊರಗೆ ಹಾಕಿದರೂ ಅದು ಹಿತ್ತಲ ಬಾಗಿಲಿಂದ ಬಂದು ಕೂತಿರುತ್ತದೆ. ಯೋಜನೆಯ ಹಣ 4,800 ಕೋಟಿ, ಅದರಲ್ಲಿ 2,500 ಕೋಟಿ ರಸ್ತೆಗೇ. ಅರ್ಧಕ್ಕಿಂತ ಹೆಚ್ಚು ದುಡ್ಡು ಹಳ್ಳಿಗೆ ಹೋಗುವ ದಾರಿಗೆ. ಆ ದಾರಿಯಲ್ಲಿ ಹಳ್ಳಿಯವರೂ ಕೆಳಗಿಳಿದು ಹೋಗಬಹುದು ಎಂಬುದು ಬೇರೆ ಮಾತು.

ದಾರಿ ಅಂದಾಗ ನೆನಪಾಯಿತು. ಮಾಣಾಕ್ಕೆ ಹೋಗಿ ಮುಗಿಯುವ ರಾಷ್ಟ್ರೀಯ ಹೆದ್ದಾರಿಯ ನಂಬರು 7. ಬೆಂಗಳೂರಿನವರಿಗೆ ಈ ನಂಬರು ಎಲ್ಲೋ ಕೇಳಿದಂತಿದೆಯಲ್ಲ ಅನ್ನಿಸಬೇಕು. ನಮ್ಮ ಬಳ್ಳಾರಿ ರಸ್ತೆ, ಹೊಸೂರು ರಸ್ತೆಗಳೇ ಆ ಕಾಲದ ಎನ್‌ಎಚ್ 7, ವಾರಾಣಸಿಯಿಂದ ಕನ್ಯಾಕುಮಾರಿಯವರೆಗೆ. 2010ರಲ್ಲಿ ಹೆದ್ದಾರಿಗಳ ನಂಬರನ್ನೆಲ್ಲ ಕಲಸಿದಾಗ ನಮ್ಮದು 44 ಆಯಿತು, ನಮ್ಮ 7 ಹಿಮಾಲಯಕ್ಕೆ ಹೋಯಿತು. ಇಳಿವಯಸ್ಸಿನಲ್ಲಿ ಕಾಶಿ ಬಿಟ್ಟು ಬದರಿಗೆ ಹೊರಟಂತೆ. ಈಗ ಅದು ಪಂಜಾಬಿನ ಫಾಜಿಲ್ಕಾದಲ್ಲಿ ಪಾಕಿಸ್ತಾನದ ಗಡಿ ಬಳಿ ಶುರುವಾಗಿ ಮಾಣಾದಲ್ಲಿ ಚೀನಾ ಗಡಿಯ ಕಡೆಗೆ ಮುಖ ಮಾಡಿ ನಿಲ್ಲುತ್ತದೆ. ಯಾವ ತುದಿಯಿಂದ ನೋಡಿದರೂ ಆರಂಭವೇ. ಹೊಸೂರು ರಸ್ತೆಯ ಗುಂಡಿಗಳಿಗೆ ಮಾತ್ರ ನಂಬರು ಬದಲಾದ ವಿಷಯ ಇನ್ನೂ ಗೊತ್ತಾಗಿಲ್ಲ.

ಈ ಊರು ‘ಕೊನೆ’ ಆದದ್ದಾದರೂ ಯಾವಾಗ? ಮಾಣಾದವರು ಮಾರ್ಛಾ ಭೋಟಿಯಾಗಳು, ತಲೆಮಾರುಗಳಿಂದ ವ್ಯಾಪಾರದ ಜನ. ಕುರಿ ಮೇಕೆಗಳ ಬೆನ್ನಿಗೆ ಚೀಲ ಹೇರಿ ಕಣಿವೆ ದಾಟುತ್ತಿದ್ದರು. ಇಲ್ಲಿಂದ ಧಾನ್ಯ, ಬೆಲ್ಲ, ಬಟ್ಟೆ. ಅಲ್ಲಿಂದ ಉಪ್ಪು, ಉಣ್ಣೆ, ಬಿಳಿಗಾರ. 1624ರಲ್ಲಿ ಪೋರ್ಚುಗೀಸ್ ಪಾದ್ರಿ ಆಂಟೋನಿಯೊ ಡಿ ಆಂದ್ರಾದೆ ಹಿಂದೂ ಯಾತ್ರಿಕನ ವೇಷ ಹಾಕಿ ಬದರಿಯ ಪರಿಷೆಯೊಳಗೆ ನುಸುಳಿ, ಮಾಣಾ ಹಾದು, ಕಣಿವೆ ಹತ್ತಿಳಿದು ಟಿಬೆಟ್ಟಿನ ತ್ಸಾಪರಂಗ್ ಸೇರಿದ. ಅವನ ಪಾಲಿಗೆ ಮಾಣಾ ದಾರಿಯ ನಡುವಿನ ಒಂದು ಊರು. 1954ರಲ್ಲಿ ಭಾರತ-ಚೀನಾ ಪಂಚಶೀಲ ಒಪ್ಪಂದ ಮಾಡಿಕೊಂಡಾಗ ವ್ಯಾಪಾರಿಗಳೂ ಯಾತ್ರಿಕರೂ ಓಡಾಡಬಹುದಾದ ಆರು ಕಣಿವೆಗಳ ಹೆಸರನ್ನು ಕಾಗದದ ಮೇಲೆ ಬರೆದರಲ್ಲ, ಅದರಲ್ಲೂ ಮಾಣಾ ಎರಡನೆಯದು. ಎಂಟೇ ವರ್ಷ. 1962ರ ಯುದ್ಧ ಬಂತು, ಕಣಿವೆ ಮುಚ್ಚಿತು, ಕುರಿಗಳ ಬೆನ್ನು ಬರಿದಾಯಿತು. ಅಲ್ಲಿಯವರೆಗೆ ಸಂತೆಯ ನಡುವೆ ಇದ್ದ ಊರು ರಾತ್ರೋರಾತ್ರಿ ದೇಶದ ಕೊನೆ ಎನಿಸಿಕೊಂಡಿತು.

‘ಕೊನೆ’ ಕೊಟ್ಟದ್ದೂ ದಿಲ್ಲಿ, ‘ಮೊದಲು’ ಕೊಟ್ಟದ್ದೂ ದಿಲ್ಲಿ. ನಡುವೆ ಇದ್ದದ್ದನ್ನು ಕಿತ್ತುಕೊಂಡವರು ಯಾರೆಂದು ಯಾವ ಬೋರ್ಡಿನಲ್ಲೂ ಬರೆದಿಲ್ಲ.

ಪುರಾಣದ ಲೆಕ್ಕದಲ್ಲಂತೂ ಇದು ಕೊನೆ ಆಗಿದ್ದೇ ಇಲ್ಲ. ಪಾಂಡವರು ಸ್ವರ್ಗಾರೋಹಣಕ್ಕೆ ಹೊರಟದ್ದು ಇದೇ ದಾರಿಯಲ್ಲಿ ಎನ್ನುತ್ತಾರೆ. ಅವರಿಗಿದು ಮಧ್ಯದ ಒಂದು ಸ್ಟಾಪು. ದ್ರೌಪದಿ ದಾಟಲೆಂದು ಭೀಮ ಎತ್ತಿಟ್ಟ ಬಂಡೆ ಇವತ್ತಿಗೂ ಸರಸ್ವತಿ ನದಿಯ ಮೇಲೆ ಸೇತುವೆಯಾಗಿ ಕೂತಿದೆ. ಟೆಂಡರಿಲ್ಲದೆ, ಉದ್ಘಾಟನೆಯ ಕಲ್ಲಿಲ್ಲದೆ ಇಷ್ಟು ಕಾಲ ನಿಂತ ಸೇತುವೆ ನಮ್ಮ ಲೋಕೋಪಯೋಗಿ ಎಂಜಿನಿಯರುಗಳಿಗೆ ಒಂದು ಮುಜುಗರ. ಪಕ್ಕದಲ್ಲೇ ವ್ಯಾಸರ ಗುಹೆ, ಗಣೇಶನ ಗುಹೆ. ಮಹಾಭಾರತ ಬರೆದುಕೊಳ್ಳುತ್ತಿದ್ದ ಗಣಪತಿಗೆ ಸರಸ್ವತಿಯ ಬೋರ್ಗರೆತದಿಂದ ಒಂದಕ್ಷರವೂ ಕೇಳಿಸದೆ ಶಾಪ ಕೊಟ್ಟನಂತೆ. ಆ ನದಿ ಸ್ವಲ್ಪ ಮುಂದೆ ಹೋಗಿ ಅಲಕನಂದೆಯಲ್ಲಿ ಸೇರಿ ಹೆಸರು ಕಳೆದುಕೊಳ್ಳುತ್ತದೆ. ಹೆಸರು ಬದಲಾಯಿಸುವ ಚಾಳಿ ಇಲ್ಲಿ ಹಳೆಯದೇ. ಇನ್ನು ನಮ್ಮ ಕಡೆಯ ಮಾಧ್ವರನ್ನು ಕೇಳಿ. ಆಚಾರ್ಯ ಮಧ್ವರು ಉಡುಪಿಯಿಂದ ಬದರಿಗೆ ಹೋದದ್ದು ವ್ಯಾಸರನ್ನು ಕಾಣಲು, ವ್ಯಾಸರು ಇದ್ದದ್ದು ನಾವು ಕಾಣುವ ಬದರಿಗಿಂತಲೂ ಮೇಲೆ. ಈಗಲೂ ಅಲ್ಲೇ ಇದ್ದಾರೆ ಎಂಬುದು ನಂಬಿಕೆ. ಹಾಗಾದರೆ ದೇಶದ ಮೊದಲ ಪ್ರಜೆಯ ಮನೆ ಮಾಣಾಕ್ಕಿಂತಲೂ ಆಚೆ ಆಯಿತು. ಇವತ್ತು ಆಚೆ ಹೋಗಬೇಕೆಂದರೆ ನಾವು ಪರ್ಮಿಟ್ ತರಬೇಕು. ಆಚಾರ್ಯರು ಏಳುನೂರು ವರ್ಷ ಮೊದಲೇ ಹೋಗಿದ್ದು ಒಳ್ಳೆಯದಾಯಿತು.

ಅದೇ ಭಾಷಣದಲ್ಲಿ ಪ್ರಧಾನಿ ಇನ್ನೊಂದು ಮಾತೂ ಹೇಳಿದ್ದರು. ಪ್ರವಾಸಿಗರು ತಮ್ಮ ಪ್ರಯಾಣದ ಖರ್ಚಿನ ಐದು ಪರ್ಸೆಂಟನ್ನಾದರೂ ಸ್ಥಳೀಯರ ವಸ್ತು ಕೊಳ್ಳಲು ಇಡಬೇಕು ಎಂದು. ಒಳ್ಳೆಯ ಮಾತು. ಆದರೆ ಅದು ನಮ್ಮ ಬಸ್ಸಿನ ಹಿರಿಯರೊಬ್ಬರ ಕೈಗೆ ಸಿಕ್ಕಿ ಏನಾಯಿತು ಅನ್ನುವುದನ್ನು ನಾನು ಕಣ್ಣಾರೆ ಕಂಡೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದು ನಿವೃತ್ತರಾದವರು. ಊರ ಮೊದಲ ತಿರುವಿನಲ್ಲೇ ಮೆಟ್ಟಿಲ ಮೇಲೆ ಅಜ್ಜಿಯೊಬ್ಬಳು ಕಡ್ಡಿ ಹಿಡಿದು ಕಾಲುಚೀಲ ಹೆಣೆಯುತ್ತಿದ್ದಳು. ನಮ್ಮನ್ನು ನೋಡಲಿಲ್ಲ, ಬೆರಳನ್ನೂ ನೋಡಲಿಲ್ಲ, ಕಡ್ಡಿ ತನ್ನಷ್ಟಕ್ಕೆ ಓಡುತ್ತಿತ್ತು. ಪಕ್ಕದ ಚಾಪೆಯ ಮೇಲೆ ಟೋಪಿ, ಮಫ್ಲರು, ಒಣಗಿಸಿದ ಯಾವುದೋ ಬೇರು.

ಹಿರಿಯರು ಜೇಬಿನಿಂದ ಪುಟ್ಟ ಡೈರಿ ತೆಗೆದರು. ‘ನೋಡಿ, ಪ್ಯಾಕೇಜು ತಲೆಗೆ ಮೂವತ್ತೆಂಟು ಸಾವಿರ. ಐದು ಪರ್ಸೆಂಟು ಸಾವಿರದ ಒಂಬೈನೂರು. ನಾನು, ನಮ್ಮನೆಯವಳು ಸೇರಿ ಮೂರು ಸಾವಿರದ ಎಂಟುನೂರು.’ ಆಮೇಲೆ ಕಳೆಯತೊಡಗಿದರು. ಹೃಷೀಕೇಶದಿಂದ ಇಲ್ಲಿಯವರೆಗೆ ಕುಡಿದ ಟೀ ಸ್ಥಳೀಯ. ದೇವಸ್ಥಾನದ ಪ್ರಸಾದದ ಪೊಟ್ಟಣ ಸ್ಥಳೀಯ. ಅವರ ಯಜಮಾನತಿ ಕೂತ ಬುಟ್ಟಿ, ಬುಟ್ಟಿ ಹೊತ್ತ ನೇಪಾಳಿ ಹುಡುಗ, ಇಬ್ಬರೂ ಸ್ಥಳೀಯ. ದಾರಿಯಲ್ಲಿ ಪಾಯಖಾನೆಗೆ ಕೊಟ್ಟ ಹತ್ತು ಹತ್ತು ರೂಪಾಯಿ, ಅದಕ್ಕಿಂತ ಸ್ಥಳೀಯ ಇನ್ನೇನಿದೆ? ಕಳೆದು ಕಳೆದು ಉಳಿದದ್ದು ನೂರು ರೂಪಾಯಿ. ಅಜ್ಜಿ ಕಾಲುಚೀಲಕ್ಕೆ ನೂರೈವತ್ತು ಅಂದಳು.

‘ಸೌ,’ ಅಂದರು ಹಿರಿಯರು.

ಅಜ್ಜಿ ತಲೆ ಎತ್ತಲಿಲ್ಲ.

‘ಸೌ ದೇಗಾ. ಪ್ರಧಾನ್‌ಮಂತ್ರಿ ಬೋಲಾ,’ ಅಂದರು.

ಆಗ ಅಜ್ಜಿ ಕಡ್ಡಿ ನಿಲ್ಲಿಸಿ ಅವರನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು. ನೂರ ಮೂವತ್ತಕ್ಕೆ ವ್ಯಾಪಾರ ಕುದುರಿತು. ಮೂವತ್ತು ರೂಪಾಯಿ ಹೆಚ್ಚಾದದ್ದಕ್ಕೆ ಹಿರಿಯರು ವಾಪಸು ಬರುವಾಗ ಪೀಪಲಕೋಟಿಯವರೆಗೂ ಪೇಚಾಡಿದರು. ನಾನು ಚೌಕಾಸಿಗೆ ನಾಚಿ ಹೇಳಿದ ಬೆಲೆ ಕೊಟ್ಟು ಟೋಪಿ ಕೊಂಡೆ. ರಾತ್ರಿ ರೂಮಿನಲ್ಲಿ ತೆಗೆದು ನೋಡಿದರೆ ಒಳಗೆ ಲೂಧಿಯಾನದ ಚೀಟಿ ಹೊಲಿದಿತ್ತು. ಅಜ್ಜಿಯ ಮೇಲೆ ನನಗೇನೂ ಸಿಟ್ಟಿಲ್ಲ. ಟಿಬೆಟ್ಟಿನ ಉಣ್ಣೆ ನಿಂತು ಅರವತ್ತು ವರ್ಷವಾಯಿತು. ಕುರಿ ಕಾಯುವವರು ಕಡಿಮೆಯಾದರು. ಬಸ್ಸಿಗೆ ನಲವತ್ತರಂತೆ ತಲೆಗಳು ಬಂದಿಳಿದರೆ, ಅಷ್ಟಕ್ಕೂ ಅವಳೊಬ್ಬಳು ಎಲ್ಲಿಂದ ಹೆಣೆಯಬೇಕು? ದೇಶದ ಕೊನೆಯ ಟೀ ಅಂಗಡಿ ಅಂತ ಹೆಸರಾದ ಅಂಗಡಿಯಲ್ಲಿ ಟೀ ಕುಡಿದೆ. ಟೀ ನಮ್ಮ ಬಸ್‌ಸ್ಟ್ಯಾಂಡಿನ ಹಾಗೇ ಇತ್ತು. ಗಡಿಯ ರುಚಿ ಅಂತ ಬೇರೆ ಇರುವುದಿಲ್ಲ.

ಬಣ್ಣದ ಡಬ್ಬಿಯ ಮಹಿಮೆಯನ್ನು ಪೂರ್ತಿ ಕಾಣಬೇಕಾದರೆ ಮಾಣಾಕ್ಕೆ ಹೋಗುವ ದಾರಿಯಲ್ಲೇ ಜೋಶಿಮಠದಲ್ಲಿ ಇಳಿಯಬೇಕು. ಊರು ಹಳೆಯ ಭೂಕುಸಿತದ ಮಣ್ಣಿನ ಮೇಲೆ ಕೂತಿದೆ, ಭಾರದ ಕಟ್ಟಡ ಬೇಡ ಎಂದು ಮಿಶ್ರಾ ಸಮಿತಿ ಹೇಳಿದ್ದು 1976ರಲ್ಲಿ. ವರದಿ ಕಪಾಟಿನಲ್ಲಿ ಬೆಚ್ಚಗಿತ್ತು. 2023ರ ಜನವರಿಯಲ್ಲಿ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟವು. ಅಧಿಕಾರಿಗಳು ಬಂದು ಅಪಾಯದ ಮನೆಗಳ ಮೇಲೆ ಕೆಂಪು ಬಣ್ಣದಲ್ಲಿ ಇಂಟು ಗುರುತು ಬಳಿದರು. ಜನವರಿಯಲ್ಲಿ ಇಲ್ಲಿ ಇಂಟು, ಏಪ್ರಿಲ್‌ನಲ್ಲಿ ಮೇಲೆ ಮಾಣಾದಲ್ಲಿ ‘ಪ್ರಥಮ’. ಬಣ್ಣ ಅದೇ ಬಜೆಟ್ಟಿನದೋ ಬೇರೆಯದೋ ತಿಳಿಯದು. 2024ರ ಜೂನ್‌ನಲ್ಲಿ ಜೋಶಿಮಠಕ್ಕೂ ಒಂದು ದಾರಿ ಸಿಕ್ಕಿತು. ತಾಲೂಕಿನ ಹೆಸರನ್ನೇ ಜ್ಯೋತಿರ್ಮಠ ಎಂದು ಬದಲಾಯಿಸಿದರು. ಈಗ ಜೋಶಿಮಠದಲ್ಲಿ ಒಂದೇ ಒಂದು ಬಿರುಕು ಬಿಟ್ಟ ಮನೆ ಇಲ್ಲ, ಜೋಶಿಮಠವೇ ಇಲ್ಲ. ಹೆಸರು ಕ್ಷೀರಸಾಗರ ಭಟ್ಟರು, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದು ಇಂಥ ಭಟ್ಟರನ್ನು ಕಂಡೇ.

ನಾವೊಬ್ಬರೇ ಅನ್ನುವಂತಿಲ್ಲ. ಮಾಣಾದಲ್ಲಿ ಬೋರ್ಡು ಎದ್ದ ಅದೇ 2023ರ ಏಪ್ರಿಲ್‌ನಲ್ಲಿ ಚೀನಾದವರು ನಮ್ಮ ಅರುಣಾಚಲದ 11 ಜಾಗಗಳಿಗೆ ತಮ್ಮದೇ ಹೆಸರಿಟ್ಟು ಪಟ್ಟಿ ಹೊರಡಿಸಿದರು. ನಾವು ಖಂಡಿಸಿದೆವು, ಹೆಸರಿಟ್ಟ ಮಾತ್ರಕ್ಕೆ ವಾಸ್ತವ ಬದಲಾಗುವುದಿಲ್ಲ ಎಂದು. ಎಷ್ಟು ನಿಜವಾದ ಮಾತು! ಅದನ್ನು ಇಂಗ್ಲಿಷಿನಲ್ಲಿ ಹೇಳಿ ಬೀಜಿಂಗಿಗೆ ಮಾತ್ರ ಕಳಿಸಿದರು. ಒಂದು ಪ್ರತಿ ಹಿಂದಿಯಲ್ಲೂ ತೆಗೆದು ಚಮೋಲಿಗೆ ಕಳಿಸಬಹುದಿತ್ತು.

ನನ್ನನ್ನು ಕಾಡುವುದು ಇದು ಇಲ್ಲಿಗೆ ನಿಲ್ಲುತ್ತದೆಯೇ ಎಂಬುದು. ‘ಕಟ್ಟಕಡೆಯ ವ್ಯಕ್ತಿಗೂ ಸೌಲಭ್ಯ ತಲುಪಬೇಕು’ ಎಂಬ ವಾಕ್ಯವಿಲ್ಲದೆ ನಮ್ಮಲ್ಲಿ ಒಂದು ಶಂಕುಸ್ಥಾಪನೆಯೂ ನಡೆಯುವುದಿಲ್ಲ. ಪಕ್ಷ ಯಾವುದಾದರೂ ಸರಿ, ಮೈಕು ಹಿಡಿದ ಕೂಡಲೇ ಆ ಕಟ್ಟಕಡೆಯ ವ್ಯಕ್ತಿ ವೇದಿಕೆಗೆ ಬಂದುಬಿಡುತ್ತಾನೆ. ಪಾಪ, ಐವತ್ತು ವರ್ಷದಿಂದ ಕ್ಯೂನ ತುದಿಯಲ್ಲೇ ನಿಂತಿದ್ದಾನೆ. ಅವನಿಗೆ ಏನನ್ನೂ ತಲುಪಿಸುವ ಕಷ್ಟ ಇನ್ನಿಲ್ಲ. ನಾಳೆ ಬೆಳಿಗ್ಗೆ ಒಬ್ಬ ಅಧಿಕಾರಿ ಬಂದು, ‘ಅಭಿನಂದನೆ, ಇವತ್ತಿನಿಂದ ನೀವು ಮೊಟ್ಟಮೊದಲ ವ್ಯಕ್ತಿ’ ಎಂದು ಕೊರಳಿಗೆ ಚೀಟಿ ನೇತುಹಾಕಿ ಹೋದರೆ ಮುಗಿಯಿತು. ಕ್ಯೂ ಅಲ್ಲಾಡಬೇಕಿಲ್ಲ.

ಬೇಸಿಗೆಯ ಮಾತು ಇಷ್ಟು. ನವೆಂಬರ್‌ನಲ್ಲಿ ಬದರೀನಾಥನ ಬಾಗಿಲು ಹಾಕುತ್ತಾರೆ. ಹಾಕುವ ದಿನ ದೇವರಿಗೆ ಹೊದಿಸುವ ತುಪ್ಪ ಸವರಿದ ಕಂಬಳಿ ಮಾಣಾದ ಹೆಣ್ಣುಮಕ್ಕಳು ನೇಯ್ದದ್ದು. ಹೊದಿಸಿ ಬೀಗ ಹಾಕಿದ ಮೇಲೆ ಎಲ್ಲರೂ ಇಳಿಯುತ್ತಾರೆ. ಉದ್ಧವ, ಕುಬೇರರ ಮೂರ್ತಿಗಳು ಪಾಂಡುಕೇಶ್ವರಕ್ಕೆ ಇಳಿಯುತ್ತವೆ. ಧನಕ್ಕೆ ಒಡೆಯ ಕುಬೇರನೇ ಕೆಳಗಿಳಿದು ಹೋಗುವ ಊರಿಗೆ ಧನ ಎಷ್ಟು ದಿನ ನಿಂತೀತು? ಮಾಣಾದವರು ಕುರಿ, ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ ಕಟ್ಟಿಕೊಂಡು ಕೆಳಗಿನ ಊರುಗಳ ತಮ್ಮ ಇನ್ನೊಂದು ಮನೆಗೆ ಹೋಗುತ್ತಾರೆ. ವರ್ಷದಲ್ಲಿ ಸುಮಾರು ಆರು ತಿಂಗಳು ಭಾರತದ ಮೊದಲ ಗ್ರಾಮಕ್ಕೆ ಬೀಗ. ಮಾಣಾದವರಾದರೂ ಬೇಸಿಗೆಗೆ ವಾಪಸು ಬರುತ್ತಾರೆ. ಉತ್ತರಾಖಂಡ ಸರ್ಕಾರವೇ ನೇಮಿಸಿದ ಪಲಾಯನ ಆಯೋಗ 2018ರಲ್ಲಿ ಕೊಟ್ಟ ವರದಿಯ ಪ್ರಕಾರ 2011ರಿಂದೀಚೆಗೆ 734 ಊರುಗಳು ಪೂರ್ತಿ ಖಾಲಿಯಾಗಿವೆ. ಕೆಟ್ಟು ಪಟ್ಟಣ ಸೇರು ಎಂಬ ಮಾತನ್ನು ಗುಡ್ಡದವರು ನಮಗಿಂತ ಚೆನ್ನಾಗಿ ಪಾಲಿಸಿದ್ದಾರೆ.

ಬೀಗ ಬಿದ್ದ ಮೇಲೆ ಅಲ್ಲಿ ಉಳಿಯುವವರು ಸೈನಿಕರು, ಮತ್ತೆ ರಸ್ತೆಯ ಹಿಮ ತೋಡುವ ಕೂಲಿಗಳು. 2025ರ ಫೆಬ್ರವರಿ 28ರ ಬೆಳಿಗ್ಗೆ ಮಾಣಾದ ಹತ್ತಿರ ಗಡಿ ರಸ್ತೆ ಕೆಲಸಗಾರರ ಕ್ಯಾಂಪಿನ ಮೇಲೆ ಹಿಮ ಕುಸಿಯಿತು. ಕಬ್ಬಿಣದ ಕಂಟೇನರುಗಳಲ್ಲಿ 54 ಜನ ಇದ್ದರು. ಬಿಹಾರ, ಉತ್ತರ ಪ್ರದೇಶ, ಹಿಮಾಚಲ, ಎಲ್ಲೆಲ್ಲಿಂದಲೋ ಬಂದವರು. ಸೇನೆಯವರು ಎರಡು ಮೂರು ದಿನ ಅಗೆದು 46 ಜನರನ್ನು ಉಳಿಸಿದರು. 8 ಜನ ಹೋದರು. ಊರು ಖಾಲಿ ಇದ್ದ ಆ ಚಳಿಗಾಲದಲ್ಲಿ ದೇಶದ ಮೊದಲ ಗ್ರಾಮದ ನಿವಾಸಿಗಳು ಯಾರು ಅಂತ ಕೇಳಿದರೆ ಅವರೇ. ಯಾವ ಪಂಚಾಯಿತಿಯ ಮತದಾರರ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ.

ಇದನ್ನೆಲ್ಲ ಮಾವನಿಗೆ ಹೇಳಿದೆ. ಹಳ್ಳಿ ಒಂದೇ ಮಾವ, ಬೋರ್ಡು ಮಾತ್ರ ಬದಲಾಗಿದೆ ಅಂದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಮಾವನ ಊರು ಬಸ್ ರೂಟಿನ ಕೊನೆಯ ಸ್ಟಾಪು. ನಾನು ಚಿಕ್ಕವನಿದ್ದಾಗ ಅಲ್ಲಿಗೆ ನೈಟ್ ಹಾಲ್ಟ್ ಬಸ್ಸಿತ್ತು. ರಾತ್ರಿ ಎಂಟೂವರೆಗೆ ಬಂದು ಅರಳಿಕಟ್ಟೆಯ ಪಕ್ಕ ನಿಲ್ಲುತ್ತಿತ್ತು. ಡ್ರೈವರು, ಕಂಡಕ್ಟರು ಮಾವನ ಮನೆಯ ಜಗಲಿಯಲ್ಲೇ ಮಲಗುತ್ತಿದ್ದರು, ಅತ್ತೆ ಒಂದು ಚೆಂಬು ನೀರು ಇಡುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಕಂಡಕ್ಟರು ಮುಂದಿನ ಬೋರ್ಡನ್ನು ತಿರುಗಿಸಿ ಹಾಕಿದರೆ ಸಾಕು, ರಾತ್ರಿ ಕೊನೆಯ ಸ್ಟಾಪಾಗಿದ್ದ ಊರು ಮೊದಲನೆಯ ಸ್ಟಾಪು. ದಿನಾ ಆಗುತ್ತಿತ್ತು. ಯಾರೂ ಭಾಷಣ ಮಾಡುತ್ತಿರಲಿಲ್ಲ. ನಡುರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಡ್ರೈವರನ್ನೇ ಎಬ್ಬಿಸುತ್ತಿದ್ದರು. ಆಮೇಲೆ ಕಲೆಕ್ಷನ್ ಇಲ್ಲ ಅಂತ ನೈಟ್ ಹಾಲ್ಟ್ ನಿಲ್ಲಿಸಿದರು.

ಮಾವ ನನ್ನ ಫೋಟೊವನ್ನು ಇನ್ನೊಂದು ಸಲ ಕೈಗೆತ್ತಿಕೊಂಡರು.

‘ರಸ್ತೆ ಚೆನ್ನಾಗಿದೆಯೇನೋ?’

‘ಮಣ್ಣು ಕುಸೀದಿದ್ದಾಗ ಚೆನ್ನಾಗಿದೆ ಮಾವ.’

‘ಬಸ್ಸು?’

‘ಬೇಸಿಗೇಲಿ ಬೇಕಾದಷ್ಟು.’

‘ನೈಟ್ ಹಾಲ್ಟ್?’

ನನಗೆ ಆ ಕಂಟೇನರುಗಳು ನೆನಪಾದವು. ಇದೆ ಅನ್ನಬೇಕೋ ಇಲ್ಲ ಅನ್ನಬೇಕೋ ತಿಳಿಯದೆ ಸುಮ್ಮನೆ ಕೂತೆ. ಮಾವ ಕಾಯಲಿಲ್ಲ. ಎರಡು ಫೋಟೊಗಳನ್ನೂ ಆಲ್ಬಮ್ಮಿನ ಒಂದೇ ಪುಟದಲ್ಲಿ ಸಿಕ್ಕಿಸಿ, ‘ಟೋಪಿ ತೆಗಿಯೋ, ಊಟಕ್ಕೆ ಕೂರು’ ಅಂದರು.